ಫ್ರೀಜರಿನಲ್ಲಿ ಬೆರಳು ದಪ್ಪದ ಐಸ್, ಕೆಳಗೆ ಒಡೆಯುವ ಹಾಲು: ಗ್ಯಾಸ್ ಹೋಗಿದೆಯೇ?

ಪ್ರಶ್ನೆ (ಸಿಂಧನೂರು)

ನಮ್ಮ ಮನೆಯಲ್ಲಿರುವುದು ಒಂಬತ್ತು ವರ್ಷ ಹಳೆಯದಾದ, ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್. ಒಂದು ತಿಂಗಳಿನಿಂದ ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ಫಲಕದ ಮೇಲೆ ಬೆರಳು ದಪ್ಪದ ಐಸ್ ಕಟ್ಟುತ್ತಿದೆ. ಕೆಳಗಿನ ಭಾಗದಲ್ಲಿ ಮಾತ್ರ ತಂಪೇ ಇಲ್ಲ, ರಾತ್ರಿ ಇಟ್ಟ ಹಾಲು ಬೆಳಿಗ್ಗೆ ಕಾಯಿಸಿದರೆ ಒಡೆಯುತ್ತದೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ರಿಪೇರಿಗೆ ಬಂದವರು ಬಾಗಿಲು ತೆರೆದು ನೋಡಿದ್ದೇ ತಡ, ಗ್ಯಾಸ್ ಹೋಗಿದೆ, ತುಂಬಿಸಬೇಕು ಎಂದರು. ಆದರೆ ಈ ನಡುವೆ ಊರಿಗೆ ಹೋಗುವಾಗ ಫ್ರಿಜ್ ಆರಿಸಿ, ಎರಡು ದಿನ ಬಾಗಿಲು ತೆರೆದಿಟ್ಟಿದ್ದೆವು. ಬಂದು ಹಚ್ಚಿದ ಮೇಲೆ ಐದಾರು ದಿನ ಹೊಸದರಂತೆ ನಡೆದು, ಮತ್ತೆ ಮೊದಲಿನಂತಾಯಿತು. ಗ್ಯಾಸ್ ಇಲ್ಲದಿದ್ದರೆ ಆ ಐದಾರು ದಿನದ ತಂಪು ಎಲ್ಲಿಂದ ಬಂತು?

ಉತ್ತರ (ಬಳ್ಳಾರಿ)

ಗ್ಯಾಸ್ ತುಂಬಿಸಲು ಇನ್ನೂ ದುಡ್ಡು ಕೊಡಬೇಡಿ. ಆ ಐದಾರು ದಿನ ಚೆನ್ನಾಗಿ ನಡೆದಿದೆಯೆಂದರೆ ಕಂಪ್ರೆಸರ್ ಗಟ್ಟಿಯಾಗಿದೆ, ಗ್ಯಾಸ್ ಸಹ ಇದ್ದಲ್ಲಿಯೇ ಇದೆ.

ಇಂಥ ಫ್ರಿಜ್‌ನಲ್ಲಿ ತಂಪಾಗುವುದು ಫಲಕದ ಹಿಂದಿನ ಅಲ್ಯೂಮಿನಿಯಂ ಕಾಯಿಲ್. ಅದರ ನಡುವೆ ಹಾಯ್ದ ಗಾಳಿಯನ್ನು ಫ್ಯಾನ್ ಫ್ರೀಜರಿಗೂ ಕೆಳಗಿನ ಭಾಗಕ್ಕೂ ತಳ್ಳುತ್ತದೆ. ಬಾಗಿಲು ತೆರೆದಾಗಲೆಲ್ಲ ಒಳಸೇರುವ ತೇವ ಕಾಯಿಲ್ ಮೇಲೆ ಹಿಮವಾಗಿ ಕೂರುವುದರಿಂದ, ಕೆಲವು ಗಂಟೆಗಳಿಗೊಮ್ಮೆ ಟೈಮರ್ ಕಂಪ್ರೆಸರನ್ನು ನಿಲ್ಲಿಸಿ, ಹೀಟರ್ ಹಚ್ಚಿ, ಆ ಹಿಮವನ್ನು ಕರಗಿಸಬೇಕು. ಇದು ತಪ್ಪಿದರೆ ಕಾಯಿಲ್‌ನ ಸಂದುಗಳೆಲ್ಲ ಮುಚ್ಚಿ ಗಾಳಿಯ ದಾರಿ ಕಟ್ಟುತ್ತದೆ, ಮೊದಲು ಸೊರಗುವುದು ಕೆಳಗಿನ ಭಾಗ.

ಪ್ಲಗ್ ಕಿತ್ತು ಫಲಕ ಬಿಚ್ಚಿ ನೋಡಿ. ಕಾಯಿಲ್ ಪೂರ್ತಿ ಬಿಳಿ ಹಿಮದಲ್ಲಿ ಹೂತಿದ್ದರೆ ಡಿಫ್ರಾಸ್ಟ್ ದೋಷ, ಅಂದರೆ ಹಿಮ ಕರಗಿಸುವ ವ್ಯವಸ್ಥೆ ಕೆಟ್ಟಿದೆ. ಮೊದಲ ಒಂದೆರಡು ಸುತ್ತಿನಲ್ಲಿ ಮಾತ್ರ ಹಿಮವಿದ್ದು ಉಳಿದದ್ದು ಬರಿದಾಗಿದ್ದರೆ ಆಗ ಗ್ಯಾಸಿನ ಮಾತು. ಐಸನ್ನು ಚಾಕುವಿನಿಂದ ಕೆತ್ತಲೇಬೇಡಿ: ಅಲ್ಯೂಮಿನಿಯಂ ಕೊಳವೆ ತೂತಾದರೆ ಇಲ್ಲದ ಗ್ಯಾಸ್ ಸಮಸ್ಯೆಯನ್ನು ನೀವೇ ತಂದುಕೊಂಡಂತೆ, ಹಿಂಬದಿಯ ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್ ಕೂಡ. ತಾನಾಗಿ ಕರಗಲು ಬಿಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದಕ್ಕೆ ಬಹಳ ಹೊತ್ತು ಬೇಕಿಲ್ಲ.

ಬಳಿಕ ಜೋಡಣೆ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟಿನ, 150 ವ್ಯಾಟಿನ ಹೀಟರ್ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಅತಿಯಾಗಿ ಕಾದರೆ ಹೀಟರಿಗೆ ವಿದ್ಯುತ್ ಕಡಿಯುವ ಥರ್ಮಲ್ ಫ್ಯೂಸ್ ಯಾವಾಗಲೂ ಕೂಡಿಯೇ ಇರಬೇಕು, ಅಂದರೆ ಅದರಲ್ಲಿ ವಿದ್ಯುತ್ ಹಾಯುವಂತಿರಬೇಕು. ಬಹಳ ಜನ ಎಡವುವುದು ಬೈಮೆಟಲ್‌ನಲ್ಲಿ, ಅಂದರೆ ಕಾಯಿಲ್ ಕೊಳವೆಗೆ ಕಚ್ಚಿಸಿದ, ತಣಿವಿಗೆ ತಕ್ಕಂತೆ ಹೀಟರಿನ ವಿದ್ಯುತ್ ದಾರಿ ಕೂಡಿಸಿ ತೆರೆಯುವ ಪುಟ್ಟ ಸ್ವಿಚ್‌ನಲ್ಲಿ: ಬೆಚ್ಚಗಿರುವಾಗ ಅದು ತೆರೆದಿರುವುದೇ ಸರಿ, ಶೂನ್ಯಕ್ಕಿಂತ ಸಾಕಷ್ಟು ಕೆಳಗೆ ತಣಿದಾಗಲೇ ಕೂಡಿಕೊಳ್ಳುತ್ತದೆ. ಆದ್ದರಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಉಪ್ಪು ಬೆರೆಸಿದ ಐಸಿನಲ್ಲಿ ಹತ್ತು ನಿಮಿಷ ಹುಗಿದಿಟ್ಟು ಅಳೆಯಿರಿ. ಬರೀ ಐಸ್ ನೀರು ಸಾಲದು.

ಪ್ರಶ್ನೆ ಕೇಳಿದವರು (ಸಿಂಧನೂರು)

ಫಲಕ ತೆಗೆದಾಗ ಕಾಯಿಲ್ ಕಾಣಲೇ ಇಲ್ಲ, ಹಿಂಜಿದ ಹತ್ತಿಯ ಗೋಡೆಯಂತೆ ಹಿಮ ನಿಂತಿತ್ತು. ಹೀಟರ್ 342 ಓಮ್ ತೋರಿಸಿತು, ಫ್ಯೂಸ್ ಸರಿಯಿತ್ತು. ಬೈಮೆಟಲನ್ನು ಉಪ್ಪಿನ ಐಸಿನಲ್ಲಿ ಕಾಲು ಗಂಟೆ ಇಟ್ಟರೂ ಕೂಡಿಕೊಳ್ಳಲಿಲ್ಲ. ನೋಡಿದರೆ ಅದರ ಹೊಟ್ಟೆಯೂ ಉಬ್ಬಿತ್ತು. ಹೊಸದನ್ನು ತಂದಿದ್ದೇನೆ. ಜೋಡಿಸುವಾಗ ಗಮನಿಸಬೇಕಾದದ್ದು ಇದೆಯೇ?

ಉತ್ತರ (ಬಳ್ಳಾರಿ)

ಹಳೆಯದು ಯಾವ ಕೊಳವೆಗೆ ಕಚ್ಚಿತ್ತೋ ಅಲ್ಲಿಯೇ ಕಚ್ಚಿಸಿ; ಜಾಗ ತಪ್ಪಿದರೆ ಹಿಮ ಕರಗುವ ಮೊದಲೇ ಹೀಟರ್ ಆರುತ್ತದೆ. ತಂತಿ ಕೂಡಿಸಿದ ಕಡೆ ಬರೀ ಟೇಪ್ ಸುತ್ತಬೇಡಿ, ಅಲ್ಲಿ ನಿತ್ಯವೂ ನೀರು ತೊಟ್ಟಿಕ್ಕುತ್ತದೆ. ಕಾಯಿಸಿದರೆ ಬಿಗಿಯುವ ಸ್ಲೀವ್ ಹಾಕಿ. ಫಲಕ ಮುಚ್ಚುವ ಮುನ್ನ ಕಾಯಿಲ್ ಕೆಳಗಿನ ತೂತಿಗೆ ಒಂದು ಲೋಟ ಬೆಚ್ಚನೆಯ ನೀರು ಸುರಿದು, ಅದು ಹಿಂದಿನ ತಟ್ಟೆಗೆ ಇಳಿಯುವುದನ್ನು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು (ಸಿಂಧನೂರು)

ಹದಿನೈದು ದಿನವಾಯಿತು. ಫಲಕದ ಮೇಲೆ ಐಸ್ ಇಲ್ಲ, ಕಂಪ್ರೆಸರ್ ನಡುನಡುವೆ ನಿಲ್ಲುತ್ತಿದೆ, ಹಾಲು ಒಡೆದಿಲ್ಲ.