ಅಪ್ಪನ ಕಿವಿಗೆ ಜಿರಳೆ ಹೋಗಿದೆ, ಎಣ್ಣೆ ಬಿಟ್ಟಿದೀವಿ, ನಾಳೆವರೆಗೂ ಕಾಯಬಹುದಾ?

ತೋಟದಮನೆ:
ರಾತ್ರಿ ಎರಡು ಗಂಟೆಗೆ ಅಪ್ಪ ಕಿವಿ ಹಿಡ್ಕೊಂಡು ಕೂಗ್ತಾ ಎದ್ರು, ಒಳಗೆ ಪರಪರ ಕೆರೀತಿದೆ ಅಂತ. ಟಾರ್ಚ್ ಬಿಟ್ಟು ನೋಡಿದ್ರೆ ಕಂದು ಬಣ್ಣದ್ದೇನೋ ಕಾಣ್ತು, ಬೆಳಕು ಬಿದ್ದಿದ್ದೇ ಇನ್ನೂ ಒಳಕ್ಕೆ ನುಗ್ತು. ಸಣ್ಣ ಜಿರಳೆ. ಅಮ್ಮ ಕೊಬ್ಬರಿ ಎಣ್ಣೆ ಬಿಟ್ರು, ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾಯ್ತು. ಈಗ ನೋವು ಕಮ್ಮಿ ಆದ್ರೆ ಕಿವಿ ಕಟ್ಕೊಂಡಿದೆ. ಇವತ್ತು ಭಾನುವಾರ, ಇಎನ್‌ಟಿ ಡಾಕ್ಟ್ರು ಅಂದ್ರೆ ಶಿವಮೊಗ್ಗಕ್ಕೇ ಹೋಗ್ಬೇಕು, ಅಪ್ಪ ನೋಡಿದ್ರೆ ಬಡ್ಸ್ ಹಾಕಿ ನಾನೇ ತೆಗೀತೀನಿ ಅಂತ ಕೂತಿದಾರೆ.

ನರ್ಸ್ ಅಕ್ಕ:
ಮೊದ್ಲು ಆ ಬಡ್ಸ್ ಕಿತ್ಕೊಳ್ಳಿ. ಕಿವಿ ದಾರಿ ಇರೋದೇ ಸುಮಾರು ಎರಡೂವರೆ ಸೆಂಟಿಮೀಟರ್, ಕೊನೇಲಿ ತಮಟೆ, ಬಡ್ಸ್ ಹಾಕಿದ್ರೆ ಹುಳ ಹೊರಗೆ ಬರಲ್ಲ, ತಮಟೆಗೆ ಒತ್ಕೊಳ್ಳತ್ತೆ. ಎಣ್ಣೆ ಬಿಟ್ಟಿದ್ದು ಸರಿಯಾಗೇ ಮಾಡಿದಾರೆ ಅಮ್ಮ, ಹುಳ ಸತ್ರೆ ಕೆರೆಯೋದು ನಿಲ್ಲತ್ತೆ, ಅರ್ಧ ಸಂಕಟ ಅದೇ. ಈಗ ಆ ಕಿವಿ ಕೆಳಗೆ ಬರೋ ಹಾಗೆ ಮಲಗಿಸಿ, ಕಿವಿನ ಮೇಲಕ್ಕೆ ಹಿಂದಕ್ಕೆ ಮೆಲ್ಲಗೆ ಎಳೀರಿ, ಎಣ್ಣೆ ಜೊತೆ ಜಾರಿ ಬಂದ್ರೂ ಬರತ್ತೆ. ಬರ್ಲಿಲ್ಲ ಅಂದ್ರೆ ಬಿಡಿ, ನಾಳೆ ಬೆಳಗ್ಗೆನೇ ತೋರಿಸಿ. ರಕ್ತ, ಕೀವು, ತಲೆಸುತ್ತು, ನೋವು ಜಾಸ್ತಿ, ಯಾವುದಾದ್ರೂ ಕಂಡ್ರೆ ಇವತ್ತೇ ಎಮರ್ಜೆನ್ಸಿಗೆ ಹೋಗಿ. ಪೂರ್ತಿ ಬಂತು ಅನ್ಸಿದ್ರೂ ತೋರಿಸಿ, ಜಿರಳೆ ಕಾಲು ಮುರಿದು ಒಳಗೇ ಉಳ್ಕೊಂಡಿರತ್ತೆ.

ಹೊಳೆಸಾಲು:
ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ನನ್ ಮಗಳಿಗೆ ಕಿವಿ ಸೋರ್ತಿತ್ತು, ತಮಟೇಲಿ ತೂತಿದೆ ಅಂದಿದ್ರು ಡಾಕ್ಟ್ರು. ಅಂಥವ್ರಿಗೆ ಎಣ್ಣೆನೂ ಬೇಡ ನೀರೂ ಬೇಡ. ಮತ್ತೆ ಎಣ್ಣೆ ಕಾಯಿಸಿ ಬಿಡ್ಬೇಡಿ, ಸುಡತ್ತೆ, ಬಿಸಿ ಹೆಚ್ಚಾದ್ರೂ ತಣ್ಣಗಿದ್ರೂ ತಲೆ ಗಿರ್ರ್ ಅನ್ನತ್ತೆ.

ಸೊರಬದವ:
ನಮ್ ಕಡೆ ಜಿರಳೆಗಿಂತ ಉಣುಗಿನ ಕಾಟ. ಅದು ಚರ್ಮಕ್ಕೆ ಕಚ್ಕೊಂಡೇ ಇರತ್ತೆ, ಎಣ್ಣೆಗೆ ಜಗ್ಗಲ್ಲ, ಕಿವಿ ಒಳಗಿದ್ರೆ ಡಾಕ್ಟ್ರೇ ತೆಗೀಬೇಕು. 1957ರಲ್ಲಿ ಮಂಗನ ಕಾಯಿಲೆ ಮೊದ್ಲು ಗೊತ್ತಾಗಿದ್ದು ನಮ್ ತಾಲೂಕಿನ ಕ್ಯಾಸನೂರು ಕಾಡಲ್ಲೇ, ಅದು ಹರಡೋದೂ ಉಣುಗಿಂದಾನೇ. ಕಾಡಿಗೆ ತರಗು ತರೋಕೆ ಹೋಗಿ ಬಂದವ್ರು ಕಿವಿ ಹಿಂದೆ ಸಂದೀಲೂ ನೋಡ್ಕೊಳ್ಳಿ, ಉಣುಗು ಕಚ್ಚಿದ ಮೇಲೆ ಜ್ವರ ಬಂದ್ರೆ ಕಾಡಿಗೆ ಹೋಗಿದ್ದು ಡಾಕ್ಟ್ರಿಗೆ ಹೇಳೋದು ಮರೀಬೇಡಿ.

ತೋಟದಮನೆ:
ಬೆಳಗ್ಗೆ ಫಸ್ಟ್ ಬಸ್ಸಿಗೆ ಹೋಗಿದ್ವಿ. ಮೈಕ್ರೋಸ್ಕೋಪಲ್ಲಿ ನೋಡ್ಕೊಂಡು ಸಣ್ಣ ಇಕ್ಕಳದಲ್ಲಿ ತೆಗೆದ್ರು, ಮೈ ಒಂದೇ ಸಲಕ್ಕೆ ಬಂತು, ಕಾಲು ಬೇರೆಯಾಗಿ ಒಳಗಿತ್ತು, ಅದನ್ನ ಸಕ್ಷನ್ ಹಾಕಿ ಎಳೆದ್ರು. ತಮಟೆಗೆ ಏನೂ ಆಗಿಲ್ವಂತೆ. ಅಪ್ಪಂಗೆ ಈಗ ಚೆನ್ನಾಗಿ ಕೇಳ್ತಿದೆ. ಅಕ್ಕ, ತುಂಬಾ ಥ್ಯಾಂಕ್ಸ್.