ಕಾರ್ತಿಕ ದೀಪೋತ್ಸವಕ್ಕೆ ಕೈಯಾರೆ ಮಾಡಿದ ಗೆಜ್ಜೆವಸ್ತ್ರ, ಹೂಬತ್ತಿ: ಸಮರ್ಪಣೆ ಹೇಗೆ?

ಪ್ರಶ್ನೆ:
ನಮ್ಮ ಬಡಾವಣೆಯ ಈಶ್ವರ ದೇವಸ್ಥಾನದ ಭಜನಾ ಮಂಡಳಿಯವರು ಈ ಬಾರಿಯ ದೀಪೋತ್ಸವಕ್ಕೆ ಅಂಗಡಿಯಿಂದ ತರುವ ಬದಲು ಹೂಬತ್ತಿ, ಗೆಜ್ಜೆವಸ್ತ್ರ ಮತ್ತು ಗರ್ಭಗುಡಿಯ ಬಾಗಿಲಿಗೆ ಮಣಿಯ ತೋರಣವನ್ನು ನಾವೇ ಮಾಡಿ ಒಪ್ಪಿಸಬೇಕೆಂದಿದ್ದೇವೆ. ಸಿದ್ಧತೆ ಹೇಗಿರಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲು ಅರ್ಚಕರನ್ನು ಕಂಡು ಲಿಂಗದ ಹಾಗೂ ಉತ್ಸವಮೂರ್ತಿಯ ಅಳತೆಯನ್ನು ಕೇಳಿ ಪಡೆಯಿರಿ. ಅಳತೆ ತಪ್ಪಿದ ಗೆಜ್ಜೆವಸ್ತ್ರ ಎಷ್ಟೇ ಅಂದವಾಗಿದ್ದರೂ ಕಪಾಟು ಸೇರುತ್ತದೆ. ಅರಳೆಯಿಂದ ಬೀಜ, ಕಸ ಬಿಡಿಸಿ, ಹಿಂಜಿ, ಬೆರಳಿಗೆ ತುಸು ಹಾಲು ಅಥವಾ ವಿಭೂತಿ ಸೋಕಿಸಿಕೊಂಡು ಹೊಸೆಯುತ್ತಾ, ಸಮದೂರದಲ್ಲಿ ಗೆಜ್ಜೆಯಂತೆ ಉಬ್ಬು ಬಿಟ್ಟು, ಹೊಸೆದ ಭಾಗಕ್ಕೆ ಕುಂಕುಮ ಹಚ್ಚುವುದು ವಾಡಿಕೆ. ಹಾಲು ಬಳಸಿದರೆ ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಡಬ್ಬಿಗೆ ಹಾಕಿ, ಇಲ್ಲವಾದರೆ ಮುಗ್ಗಲು ವಾಸನೆ ಬರುತ್ತದೆ. ಹೂಬತ್ತಿಯ ಬುಡ ಅಗಲವಾಗಿದ್ದು, ತುದಿ ಬಿಗಿಯಾಗಿರಲಿ. ಸಡಿಲ ಹೊಸೆದದ್ದು ತುಪ್ಪದಲ್ಲಿ ಕುಸಿದು ಬೇಗ ನಂದುತ್ತದೆ.

ಉತ್ತರ 2:
ಮೇಲಿನ ಮಾತಿಗೆ ಒಂದು ಸೇರ್ಪಡೆ. ಈಚೆಗೆ ಗೋಂದು, ಚಮಕಿ, ಪ್ಲಾಸ್ಟಿಕ್ ಮುತ್ತು ಅಂಟಿಸಿದ ಗೆಜ್ಜೆವಸ್ತ್ರಗಳೇ ಹೆಚ್ಚಾಗಿವೆ. ಅವು ಫೋಟೋಗೆ ಚೆನ್ನ, ಆದರೆ ಉರಿಯುವ ದೀಪಗಳ ಪಕ್ಕದಲ್ಲಿ ಅಪಾಯ. ತೋರಣವನ್ನೂ ಮಂಗಳಾರತಿಯ ತಟ್ಟೆಗೆ ತಾಗದಷ್ಟು ಎತ್ತರದಲ್ಲಿ ಕಟ್ಟಿಸಿ.

ಉತ್ತರ 3:
ದೇವಸ್ಥಾನವು ಕರ್ನಾಟಕದ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ 1997ರ ಕಾಯ್ದೆಯ (ಮುಜರಾಯಿ ದೇವಸ್ಥಾನಗಳ ಕಾನೂನಿನ) ವ್ಯಾಪ್ತಿಯಲ್ಲಿದ್ದು, ತೋರಣಕ್ಕೆ ಬೆಳ್ಳಿ ಬಳಸುವುದಾದರೆ, ತೂಕ ಬರೆಸಿ ದೇವಸ್ಥಾನದ ಕಚೇರಿಯಿಂದ ರಸೀದಿ ಪಡೆಯಿರಿ. ಬತ್ತಿ, ಗೆಜ್ಜೆವಸ್ತ್ರವನ್ನು ಹಿಂದಿನ ದಿನವೇ ಹಣ್ಣು, ವೀಳ್ಯದೆಲೆಯೊಡನೆ ತಟ್ಟೆಯಲ್ಲಿಟ್ಟು ಮಂಡಳಿಯ ಹೆಸರಿನಲ್ಲಿ ಸಂಕಲ್ಪ ಮಾಡಿಸಿದರೆ ಸಾಕು. ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರು ಬರೆಸುವ ಕಾಲವಿದು. ತೋರಣದ ಮೇಲೆ ಮಾತ್ರ ದಯವಿಟ್ಟು ಬೇಡ.