ಹಳೇ ಪ್ರೈಮರಿ ಸ್ಕೂಲ್ ಕೆಡವ್ತಾರಂತೆ, ಅದಕ್ಕೂ ಮುಂಚೆ ಹೋಗಿ ಏನೇನ್ ನೋಡ್ಕೊಂಡ್ ಬರ್ಬೇಕು?

ಜಗಲಿಕಟ್ಟೆ:
ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ, ಏಳನೇ ಕ್ಲಾಸ್ ತನಕ ಅಲ್ಲೇ ಸರ್ಕಾರಿ ಶಾಲೇಲಿ ಓದಿದ್ದು. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು, ಮುಂದೆ ಉದ್ದಕ್ಕೆ ಜಗಲಿ. ಮೊನ್ನೆ ಅಣ್ಣ ಫೋನ್ ಮಾಡಿದಾಗ ಹೇಳ್ದ, ಇಂಜಿನಿಯರ್ ಬಂದು ಕಟ್ಟಡ ಶಿಥಿಲ ಅಂತ ಬರ್ಕೊಟ್ಟು ಹೋಗಿದಾರೆ, ಮಳೆಗಾಲ ಕಳೆದ್ಮೇಲೆ ಕೆಡವಿ ಆರ್‌ಸಿಸಿ ರೂಮು ಕಟ್ತಾರೆ ಅಂತ. ಕೇಳಿದಾಗಿಂದ ಮನಸ್ಸು ಅಲ್ಲೇ ಸುತ್ತುತಾ ಇದೆ. ಎಂಬತ್ತರ ದಶಕದಲ್ಲಿ ನಾವು ಸ್ಲೇಟ್ ಒರೆಸೋಕೆ ಬೇಲಿ ಬುಡದಿಂದ ನೀರುಕಡ್ಡಿ ಕಿತ್ತು ತರ್ತಿದ್ವಿ, ಮಧ್ಯಾಹ್ನ ಕೇರ್ ಅನ್ನೋ ವಿದೇಶಿ ನೆರವು ಸಂಸ್ಥೆ ಕೊಡ್ತಿದ್ದ ಉಪ್ಪಿಟ್ಟಿಗೆ ತಟ್ಟೆ ಹಿಡ್ಕೊಂಡು ಅದೇ ಜಗಲೀಲಿ ಸಾಲಾಗಿ ಕೂರ್ತಿದ್ವಿ, ಹಳ್ಳ ತುಂಬೋ ಹಾಗೆ ಮಳೆ ಹೊಡೆದ್ರೆ ದೂರದ ಮಕ್ಕಳನ್ನ ಮೊದ್ಲು ಬಿಡ್ತಿದ್ರು. ಈಗ ನಾನಿರೋದು ಬೆಂಗಳೂರಲ್ಲಿ, ಎರಡು ದಿನ ರಜೆ ಹಾಕಿ ಹೋಗ್ಬೇಕು ಅಂತಿದೀನಿ. ಸುಮ್ನೆ ಹೋಗಿ ಒಳಗೆ ನುಗ್ಗೋದು ಸರಿಯಲ್ಲ ಅಲ್ವಾ, ಯಾರನ್ನ ಕೇಳ್ಬೇಕು? ಫೋಟೋ ಬಿಟ್ಟು ಇನ್ನೇನು ಉಳಿಸ್ಕೊಳ್ಬಹುದು? ಮಾಡಿದ ಅನುಭವ ಇರೋರು ದಯವಿಟ್ಟು ಹೇಳಿ.

ಚಾಕ್‌ಪೀಸ್:
ನಾನು ಸರ್ಕಾರಿ ಶಾಲೆ ಮುಖ್ಯ ಶಿಕ್ಷಕ ಸರ್, ಹಳೇ ವಿದ್ಯಾರ್ಥಿಗಳು ಬಂದ್ರೆ ನಮಗೆ ನಿಜವಾಗ್ಲೂ ಖುಷಿ, ಸಂಕೋಚ ಬೇಡ. ಮೊದ್ಲು ಹೆಚ್‌ಎಂಗೆ, ಅಂದ್ರೆ ಅಲ್ಲಿನ ಮುಖ್ಯ ಶಿಕ್ಷಕರಿಗೆ, ಒಂದು ಫೋನ್ ಮಾಡಿ, ಎಸ್‌ಡಿಎಂಸಿ (ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹಾಕಿ. ಶನಿವಾರ ಬೆಳಗಿನ ಕ್ಲಾಸು, ಹನ್ನೊಂದೂವರೆ ಹೊತ್ತಿಗೆ ಮಕ್ಕಳು ಮನೆಗೆ ಹೊರಡ್ತಾರೆ, ಆಮೇಲೆ ಹೋದ್ರೆ ಹೆಚ್‌ಎಂ ಕೂತು ಮಾತಾಡೋಕೆ ಸಿಗ್ತಾರೆ. ಮಕ್ಕಳ ಮುಖ ಕಾಣೋ ಫೋಟೋ ಮಾತ್ರ ಎಲ್ಲೂ ಹಾಕ್ಬೇಡಿ.

ಅಡ್ಮಿಷನ್ ರಿಜಿಸ್ಟರ್ ತೋರಿಸ್ತೀರಾ ಅಂತ ಕೇಳಿ. ಅದು ಕಾಯಂ ದಾಖಲೆ, ಬೀರುವಲ್ಲಿ ಇದ್ದೇ ಇರುತ್ತೆ, ಬೇರೆಯವರ ವಿವರ ಇರೋದ್ರಿಂದ ಫೋಟೋ ತೆಗೆಯೋಕೆ ಬಿಡೋದು ಕಷ್ಟ, ಆದ್ರೆ ನಿಮ್ಮ ಸಾಲು ನೋಡೋಕೆ ಯಾರೂ ಬೇಡ ಅನ್ನಲ್ಲ. ಅಪ್ಪನ ಸಹಿ ಅಥವಾ ಹೆಬ್ಬೆಟ್ಟು ಅಲ್ಲೇ ಇರಬಹುದು. ಅರ್ಧ ಕ್ಲಾಸಿಗೆ ಹುಟ್ಟಿದ ತಾರೀಕು ಜೂನ್ 1 ಅಂತ ಇದ್ರೆ ಆಶ್ಚರ್ಯ ಪಡ್ಬೇಡಿ, ಆಗ ಮನೇಲಿ ತಾರೀಕು ಗೊತ್ತಿಲ್ದಿದ್ರೆ ಮೇಷ್ಟ್ರೇ ಶಾಲೆ ಶುರುವಾಗೋ ಲೆಕ್ಕ ಹಿಡಿದು ಬರೀತಿದ್ರು.

ಇನ್ನೊಂದು, ಹೆಂಚು. ಮುರಿದು ಕೆಳಗೆ ಬಿದ್ದಿರೋ ಹೆಂಚು ಸಿಕ್ಕಿದ್ರೆ ತಿರುಗಿಸಿ ನೋಡಿ, ಕಾರ್ಖಾನೆ ಹೆಸರು ಒತ್ತಿರ್ತಾರೆ. ಬಾಸೆಲ್ ಮಿಷನ್ ಅಂತ ಇದ್ದು 1865 ಅಂತ ಕಂಡ್ರೆ ಅದು ಮಂಗಳೂರಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಶಾಲೆ ಕಟ್ಟಿದ್ದಲ್ಲ, ಸುಮಾರು ಜನ ಅದನ್ನೇ ಶಾಲೆ ವಯಸ್ಸು ಅಂದ್ಕೊಳ್ತಾರೆ. ಕೆಡವಿದ ಮೇಲೆ ತೊಲೆ, ಪಕಾಸು, ಹೆಂಚು ಎಲ್ಲ ಹರಾಜಿಗೆ ಹೋಗುತ್ತೆ, ಒಂದೆರಡು ಶಾಲೇಲೇ ಇಟ್ಕೊಳ್ಳಿ ಅಂತ ಮುಂಚೇನೇ ಎಸ್‌ಡಿಎಂಸಿ ಮೀಟಿಂಗಲ್ಲಿ ಹೇಳ್ಸಿ.

ಘಟಪ್ರಭಾ ದಂಡಿ:
ಹೋಗ್ರಿ ಸರ, ತಡಾ ಮಾಡಬ್ಯಾಡ್ರಿ. ನಾ ಕಲ್ತ ಸಾಲಿ ನೀರಾಗ ಹೋಗಿ ಭಾಳ ವರ್ಷ ಆತು. ಆಲಮಟ್ಟಿ ಡ್ಯಾಮಿನಾಗ 519.6 ಮೀಟರ್ ಮಟ್ಟಕ್ಕ ನೀರು ನಿಲ್ಸಿದ್ರಲ್ಲ, ಹಿನ್ನೀರು ಹಳೇ ಬಾಗಲಕೋಟಿ ಓಣಿಗೆ ಬಂತು, ಮಂದಿ ಎಲ್ಲಾ ನವನಗರಕ್ಕ ಬಂದ್ವಿ. ಮನಿ ಸಾಮಾನು ಹೊತ್ತು ಸಾಗ್ಸೋ ಗದ್ದಲದಾಗ ಸಾಲಿದೊಂದು ಫೋಟೋ ತಗೀಬೇಕು ಅನ್ನೂದು ಯಾರ್ ತಲಿಗೂ ಹೊಳೀಲಿಲ್ಲ. ಈಗ ನಮ್ ಹತ್ರ ಇರೂದು ಏಳನೇತ್ತಾದ ಗ್ರೂಪ್ ಫೋಟೋ ಒಂದ, ಅದರಾಗ ಹಿಂದಿನ ಗ್ವಾಡಿ ಅಷ್ಟ ಕಾಣ್ತೈತಿ.

ಹಂಗಾಗಿ ನಾವು ಗೆಳೆಯರೆಲ್ಲಾ ಒಂದ್ ದಿನ ಕುಂತು ದೊಡ್ಡ ಹಾಳಿ ಮ್ಯಾಲೆ ಸಾಲಿ ನಕಾಶಿ ತಗದ್ವಿ. ಗಂಟಿ ಎಲ್ಲಿ ತೂಗಹಾಕಿದ್ರು, ಬೇವಿನ ಗಿಡ ಯಾ ಕಡೆ ಇತ್ತು, ಹೆಡ್ ಮಾಸ್ತರ ಖೋಲಿ ಬಾಗ್ಲಾ ಎತ್ತ ಮುಖ ಇತ್ತು, ಜಗಳಾ ಆಡ್ಕೋತ ಬರದ್ವಿ ನೋಡ್ರಿ, ಮರತ ಹೋಗಿದ್ದೆಲ್ಲಾ ಒಂದೊಂದ ಹೊರಗ ಬಂತು. ನಿಮ್ದು ಕಟ್ಟಡ ಇನ್ನೂ ನಿಂತೈತಿ, ಒಬ್ಬರ ಹೋಗಬ್ಯಾಡ್ರಿ, ಕ್ಲಾಸ್‌ಮೇಟ್ ಇಬ್ಬರ್ನರ ಕರ್ಕೊಂಡು ಹೋಗ್ರಿ. ರಿಟೈರ್ ಆದ ಮಾಸ್ತರು, ಅಡಗಿ ಮಾಡೂ ಅಕ್ಕಾರು ಯಾರರ ಊರಾಗ ಇದ್ರ ಅಲ್ಲೇ ಕುಂದ್ರಿಸಿ ಮಾತಾಡ್ಸಿ ಮೊಬೈಲಿನಾಗ ರೆಕಾರ್ಡ್ ಮಾಡ್ರಿ. ಗ್ವಾಡಿ ಫೋಟೋಕಿಂತ ಆ ದನಿ ಮುಂದ ಸಿಗೂದಿಲ್ಲ. ಡ್ಯಾಮ್ 524.256 ಮೀಟರ್‌ಗೆ ಏರಿಸಿದ್ರ ಮುಳಗೂ ಹಳ್ಳಿಯೊಳಗ ನಮ್ ಸೋದರಮಾವನ ಊರೂ ಬರ್ತೈತಿ, ಆ ಸಾಲಿ ಇನ್ನೂ ನಡದೈತಿ, ಈ ಸಲ ಅಲ್ಲಿ ನಾವು ಮೊದಲ ಕೆಲಸಾ ಚಾಲೂ ಮಾಡೇವಿ.

ಮಳೆಹನಿ:
ನಾನು ಬೇರೆ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನನ್ನ ಮಗಳು ಇಂಥದೇ ಹಳೇ ಹೆಂಚಿನ ಶಾಲೇಲಿ ಓದ್ತಿದ್ಲು, ಜುಲೈ ಬಂತು ಅಂದ್ರೆ ಸೋರೋ ಜಾಗ ಬಿಟ್ಟು ಮೂರು ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ ಕೂರ್ಬೇಕಿತ್ತು, ಗೆದ್ದಲು ಹಿಡಿದ ಪಕಾಸು ಯಾವಾಗ ಬೀಳುತ್ತೋ ಅಂತ ನಮಗೆ ದಿನಾ ಭಯ. 2022ರಲ್ಲಿ ಬಂದ ವಿವೇಕ ಯೋಜನೇಲಿ ಹೊಸ ರೂಮ್ ಆಯ್ತು, ನೆಮ್ಮದಿ ಆಯ್ತು. ಹೋಗಿ, ನೋಡಿ, ಅತ್ತು ಬನ್ನಿ ಬೇಕಾದ್ರೆ, ಆದ್ರೆ ಕೆಡವೋದು ನಿಲ್ಲಿಸಿ ಅಂತ ಮಾತ್ರ ಅರ್ಜಿ ಹಾಕ್ಬೇಡಿ. ನಮ್ಮೂರ ಹತ್ರ ಇನ್ನೊಂದು ಶಾಲೆ ಇದೆ, ಕಟ್ಟಡ ಗಟ್ಟಿಯಾಗೇ ಇದೆ, ಮಕ್ಕಳೇ ಇಲ್ಲ ಅಂತ ಬೀಗ ಹಾಕಿದ್ರು. ಎಲ್ಲರ ಮನೆ ಮುಂದೆ ಪ್ರೈವೇಟ್ ಸ್ಕೂಲಿನ ಹಳದಿ ವ್ಯಾನ್ ಬರುತ್ತೆ ಈಗ. ನನಗೆ ಹೆಚ್ಚು ಸಂಕಟ ಆಗೋದು ಅದನ್ನ ನೋಡಿದ್ರೆ. ನಿಮ್ಮ ಶಾಲೆಗೆ ಹೊಸ ರೂಮ್ ಬರ್ತಿದೆ ಅಂದ್ರೆ ಅಲ್ಲಿ ಮಕ್ಕಳು ಇದಾರೆ ಅಂತ ಅರ್ಥ.

ಜಗಲಿಕಟ್ಟೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಳೆಹನಿ ಅವ್ರೇ, ನಿಲ್ಲಿಸೋ ಯೋಚನೆ ನನಗೂ ಇಲ್ಲ, ಅಣ್ಣನ ಮೊಮ್ಮಗ ಅಲ್ಲೇ ಒಂದನೇ ಕ್ಲಾಸು, ಅವನ ತಲೆ ಮೇಲೆ ಸೋರೋದು ನನಗೂ ಬೇಡ. ಮೇಷ್ಟ್ರೇ, ಹೆಚ್‌ಎಂ ನಂಬರ್ ಅಣ್ಣನ ಹತ್ರ ಸಿಕ್ತು, ನಾಳೆ ಮಾತಾಡ್ತೀನಿ. ದಂಡಿಯವರೇ, ನಿಮ್ಮ ನಕಾಶೆ ಮಾತು ಓದಿ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಹಾಕ್ದೆ, ಆಗ್ಲೇ ಬಾವಿ ಎಡಕ್ಕಿತ್ತಾ ಬಲಕ್ಕಿತ್ತಾ ಅಂತ ವಾದ ಶುರುವಾಗಿದೆ. ನಮಗೆ ಕನ್ನಡ ಕಲಿಸಿದ ಅಕ್ಕೋರು ಶಿವಮೊಗ್ಗದಲ್ಲಿ ಮಗನ ಮನೇಲಿ ಇದಾರಂತೆ, ಹೋಗ್ತಾ ಅವ್ರನ್ನೂ ಕಾರಲ್ಲಿ ಕರ್ಕೊಂಡು ಹೋಗೋಣ ಅಂತ ಇಬ್ಬರು ರೆಡಿ ಆಗಿದಾರೆ. ವಯಸ್ಸಾದವ್ರ ಮಾತು ರೆಕಾರ್ಡ್ ಮಾಡೋಕೆ ಮೊಬೈಲ್ ಸಾಕಾ, ಇಲ್ಲ ಸಣ್ಣ ಕಾಲರ್ ಮೈಕ್ ತಗೊಳ್ಳೋದು ಒಳ್ಳೇದಾ?

ಘಟಪ್ರಭಾ ದಂಡಿ:
ಕಾಲರ್ ಮೈಕ್ ತಗೋರಿ. ಫ್ಯಾನ್ ಬಂದ್ ಮಾಡ್ರಿ, ನಡುವ ನೀವು ಮಾತಾಡಬ್ಯಾಡ್ರಿ, ಅಕ್ಕೋರಿಗೆ ಮಾತಾಡಾಕ ಬಿಡ್ರಿ.